ಒಂದೇ ಬಟ್ಟಲಿನ ಮಳೆಗಾಲ

ಹೋದ ತಿಂಗಳು ಮೊಮ್ಮಗಳ ಮದುವೆಗೆಂದು ಹುಬ್ಬಳ್ಳಿಗೆ ಹೋಗಿದ್ದೆ. ಮದುವೆಯ ಮರುದಿನ ಭಾನುವಾರ. ಬಹಳ ವರ್ಷಗಳ ಮೇಲೆ ನಮ್ಮ ಹಳೆಯ ದೇವಾಲಯದೊಳಗೆ, ಅಂದರೆ ಚರ್ಚಿನೊಳಗೆ, ಕೂತೆ. ನಾವು ಚಾಪೆ ಹಾಸಿಕೊಂಡು ಕೂಡುತ್ತಿದ್ದ ಜಾಗದಲ್ಲಿ ಈಗ ಬೆಂಚುಗಳಿವೆ, ತಲೆಯ ಮೇಲೆ ಫ್ಯಾನು ತಿರುಗುತ್ತದೆ. ಅಂದು ಕರ್ತನ ಭೋಜನದ ದಿನ, ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಿ ರಸ ಹಂಚಿಕೊಳ್ಳುವ ದಿನ. ರೊಟ್ಟಿಯ ಚೂರು ಕೊಟ್ಟಾದ ಮೇಲೆ ಸ್ಟೀಲಿನ ತಟ್ಟೆಯಲ್ಲಿ ಹೆಬ್ಬೆರಳಷ್ಟು ಗಾತ್ರದ ಗಾಜಿನ ಬಟ್ಟಲುಗಳನ್ನು ಜೋಡಿಸಿಕೊಂಡು ಬಂದರು. ಒಬ್ಬೊಬ್ಬರಿಗೆ ಒಂದೊಂದು. ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು ನನ್ನ ಕಿವಿಯ ಹತ್ತಿರ ಬಾಗಿ, "ಈಗ ಛಲೋ ಆಗೇತಿ ನೋಡ್ರಿ ಅಮ್ಮಾರ, ಯಾರ ಎಂಜಲಾನೂ ಯಾರಿಗಿಲ್ಲ" ಎಂದಳು. ಹೌದೆಂದು ತಲೆಯಾಡಿಸಿದೆ. ಬಟ್ಟಲನ್ನು ತುಟಿಯ ಹತ್ತಿರ ತಂದಾಗ ನೆನೆಹಾಕಿದ ಕರಿ ದ್ರಾಕ್ಷಿಯ ವಾಸನೆ ಮೂಗಿಗೆ ಬಡಿಯಿತು. ಬಟ್ಟಲು ವಾಲಿ ಅರ್ಧ ರಸ ಸೀರೆಯ ಮೇಲೆ ಚೆಲ್ಲಿತು. ವಯಸ್ಸಾಯಿತೆಂದು ಆಕೆ ಮರುಕಪಟ್ಟಳು. ಕಾರಣ ವಯಸ್ಸಲ್ಲ.

ಎಲ್ಲರಿಗೂ ಒಂದೇ ಬಟ್ಟಲಿದ್ದ ಕಾಲ ಅದು. ಎರಡನೇ ಮಹಾಯುದ್ಧ ಶುರುವಾಗಲು ಇನ್ನೂ ಎರಡು ಮೂರು ವರ್ಷ ಇದ್ದವು. ಕೇಶ್ವಾಪುರದ ಕಡೆಗೆ ಹೋಗುವ ರಸ್ತೆಯ ಬದಿಗೆ ನಮ್ಮ ಮಿಶನ್ ಕಂಪೌಂಡು. ಒಂದು ದೇವಾಲಯ, ಒಂದು ಹೆಣ್ಣುಮಕ್ಕಳ ಸಾಲೆ, ಮಗ್ಗಗಳ ಒಂದು ಶೆಡ್ಡು, ಅದರ ಹಿಂದೆ ಕೆಂಪು ಹೆಂಚಿನ ಸಾಲುಮನೆಗಳು. ನನಗಾಗ ಇಪ್ಪತ್ತೊಂದು ವರ್ಷ. ಸಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದೆ. ಮನೆಯಲ್ಲಿ ನಾನು ಮತ್ತು ಅವ್ವ, ಇಬ್ಬರೇ. ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದ ಅಪ್ಪ ಮೂರು ವರ್ಷ ಮೊದಲು ಕ್ಷಯದಿಂದ ತೀರಿಕೊಂಡಿದ್ದರು. ಕ್ಷಯಕ್ಕೆ ಆಗ ಔಷಧವಿರಲಿಲ್ಲ. ಹಾಲು, ತತ್ತಿ, ಕಿಟಕಿ ತೆರೆದಿಡುವುದು, ಉಳಿದದ್ದು ದೇವರ ಚಿತ್ತ. ಅಪ್ಪನ ಕೆಮ್ಮು ಕೇಳುತ್ತಲೇ ಬೆಳೆದ ನನಗೆ ಯಾರು ಎಲ್ಲಿ ಕೆಮ್ಮಿದರೂ ಎದೆ ಝಲ್ಲೆನ್ನುತ್ತಿತ್ತು. ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಕಂಪೌಂಡಿನಲ್ಲಿ ಇರಲಿಲ್ಲ.

ಭೋಜನದ ರಸ ಮಾಡುವುದು, ಬಟ್ಟಲು ಬೆಳಗುವುದು ಅವ್ವನ ಪಾಲಿನ ಸೇವೆ. ತಿಂಗಳ ಮೊದಲ ಭಾನುವಾರಕ್ಕೆಂದು ಶನಿವಾರ ಸಂಜೆಯೇ ಒಣದ್ರಾಕ್ಷಿಯನ್ನು ನಾಲ್ಕು ನೀರಿನಲ್ಲಿ ತೊಳೆದು ಬಿಳಿ ಪಿಂಗಾಣಿ ಪಾತ್ರೆಯಲ್ಲಿ ನೆನೆಹಾಕುತ್ತಿದ್ದಳು. ಬೆಳಿಗ್ಗೆ ಕಿವುಚಿ, ಬಟ್ಟೆಯಲ್ಲಿ ಸೋಸಿ, ರಸ ತೆಗೆಯುವಾಗ ಮನೆಯೆಲ್ಲ ಅದೇ ವಾಸನೆ. ಬಟ್ಟಲು ಬೆಳ್ಳಿ ನೀರು ಕೊಟ್ಟಿದ್ದು, ಒಂದು ಬದಿಗೆ ಸಣ್ಣ ನೆಗ್ಗು. ಹನ್ನೆರಡು ಹನ್ನೆರಡು ಜನರಂತೆ ಮುಂದೆ ಹೋಗಿ ಮೊಣಕಾಲೂರುತ್ತಿದ್ದೆವು. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಬಲಗಡೆಯಿಂದ ಒಬ್ಬೊಬ್ಬರ ಕೈಗೆ ಬಟ್ಟಲು ಕೊಟ್ಟು, ಒಂದು ಗುಟುಕು ಕುಡಿದ ಮೇಲೆ ತಿರುಗಿ ತೆಗೆದುಕೊಂಡು, ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ ಮುಂದಿನವರಿಗೆ ಕೊಡುತ್ತಿದ್ದರು.

ಆ ವರ್ಷ ಮುಂಗಾರಿನ ಮೊದಲ ಮಳೆಯ ಜೊತೆಗೆ ರಾಹೇಲವ್ವ ತಿರುಗಿ ಬಂದಳು. ಮುಗದ ಎಂಬ ಹಳ್ಳಿಯ ಕಡೆಯವಳು. ಗಂಡ ಸತ್ತ ಮೇಲೆ ಶೆಡ್ಡಿನಲ್ಲಿ ನೂಲು ಸುತ್ತುವ ಕೆಲಸ ಮಾಡಿಕೊಂಡು ಸಾಲಿನ ಕಡೆಯ ಖೋಲಿಯಲ್ಲಿ ಒಬ್ಬಳೇ ಇದ್ದಳು. ಹಿಂದಿನ ವರ್ಷ ರಕ್ತ ಕಾರಿದಾಗ ದೂರದ ಕ್ಷಯದ ದವಾಖಾನೆಗೆ ಕಳಿಸಿದ್ದರು. ಇನ್ನು ಮನೆಯಲ್ಲೇ ಇರಬಹುದೆಂದು ಅವರು ವಾಪಸು ಕಳಿಸಿದರು. ಗುಣವಾಗಿದ್ದಕ್ಕೋ, ಗುಣವಾಗುವುದಿಲ್ಲ ಎಂಬುದಕ್ಕೋ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಮೈಯಲ್ಲಿ ಎಲುಬು, ಚರ್ಮ, ಮತ್ತೆ ಒಂದು ನಗು, ಅಷ್ಟೇ ಉಳಿದಿತ್ತು.

ಜೂನ್ ತಿಂಗಳ ಭೋಜನಕ್ಕೆ ಅವಳು ಬಂದು ಹೆಂಗಸರ ಸಾಲಿನ ಬಲತುದಿಯಲ್ಲಿ ಮೊಣಕಾಲೂರಿದಳು. ಬಟ್ಟಲು ಮೊದಲು ಅವಳಿಗೆ. ಕುಡಿದಳು. ಅಯ್ಯನವರು ಒರೆಸಿ ಮುಂದಿನವರಿಗೆ ಚಾಚಿದರು. ಅಲ್ಲಿದ್ದದ್ದು ಸಭೆಯ ಹಿರಿಯರೊಬ್ಬರ ಹೆಂಡತಿ. ಏನೋ ಮರೆತು ಬಂದವರ ಹಾಗೆ ಆಕೆ ಸೆರಗು ಬಾಯಿಗಿಟ್ಟುಕೊಂಡು ಎದ್ದುಹೋದರು. ಅವರ ಹಿಂದೆ ಇನ್ನಿಬ್ಬರು. ಅಯ್ಯನವರು ಬಟ್ಟಲು ಚಾಚಿದ ಕೈ ಚಾಚಿದ ಹಾಗೆಯೇ ನಿಂತರು. ಹೆಂಚಿನ ಮೇಲೆ ಮಳೆಯ ಸಪ್ಪಳ. ರಾಹೇಲವ್ವ ತಲೆ ಬಗ್ಗಿಸಿ ಕೂತಿದ್ದಳು. ಆಗ ಎಡತುದಿಯಲ್ಲಿ ನನ್ನ ಪಕ್ಕದಲ್ಲಿದ್ದ ಅವ್ವ ಎದ್ದಳು. ಇವಳೂ ಹೋಗುತ್ತಾಳೆಂದು ನಾನು ಮನಸ್ಸಿನಲ್ಲೇ ಸಮಾಧಾನಪಟ್ಟೆ. ಆದರೆ ಅವ್ವ ಸಾಲನ್ನು ಬಳಸಿಕೊಂಡು ಹೋಗಿ ರಾಹೇಲವ್ವನ ಪಕ್ಕದಲ್ಲೇ ಮೊಣಕಾಲೂರಿ ಎರಡೂ ಕೈ ಮುಂದೆ ಮಾಡಿದಳು.

ಆರಾಧನೆ ಮುಗಿದ ಮೇಲೆ ಹುಣಸೆಮರದ ಕೆಳಗೆ ಹಿರಿಯರು ಗುಂಪುಗೂಡಿದರು. ಯಾರೂ ಕೆಟ್ಟವರಲ್ಲ. ಎಲ್ಲರ ಮನೆಯಲ್ಲೂ ಮಕ್ಕಳಿದ್ದವು. ಒಬ್ಬರು, "ಆಕಿಗಿ ಒಂದು ಬ್ಯಾರೆ ಲೋಟ ಇಟ್ಟರ ಆತಲ್ರಿ, ಯಾರಿಗೂ ತ್ರಾಸಿಲ್ಲ" ಎಂದರು. ಗಂಡಸರ ಮಾತಿನ ನಡುವೆ ಎಂದೂ ಬಾಯಿ ಹಾಕದ ಅವ್ವ ಅಂದು ಹಾಕಿದಳು. "ಬ್ಯಾರೆ ಲೋಟ ಇಡೋದನ್ನ ಬಿಟ್ಟು ಇಲ್ಲಿಗಿ ಬಂದೇವಿ ಅಂತ ನಮ್ಮ ಮುತ್ತ್ಯಾ ಹೇಳ್ತಿದ್ದರ್ರಿ. ಹಳ್ಳ್ಯಾಗ ಮ್ಯಾಲಿನ ಜಾತಿಯವರು ಅವರಿಗಿ ಕಟ್ಟೀ ಮ್ಯಾಲ ಬ್ಯಾರೆ ಲೋಟ ಇಡತಿದ್ರು. ಮತ್ತ ಅದನ್ನ ತಂದು ದೇವರ ಮುಂದ ಇಡ್ತೀರೇನು?"

ಹಾಗೆ ಸಿಟ್ಟಿನಿಂದ ಅವ್ವ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅಯ್ಯನವರು ಮುಪ್ಪಿನವರು, ಮೆಲುದನಿಯವರು. "ಹೆದರಿಕಿ ಇದ್ದವರು ಕುಡೀಬ್ಯಾಡ್ರಿ, ನಾ ಏನೂ ಅನ್ನೂದಿಲ್ಲ. ಆದ್ರ ಬಟ್ಟಲ ಒಂದ. ಎರಡು ಮಾಡಾಕ ನನಗ ಅಧಿಕಾರ ಇಲ್ಲ" ಎಂದಷ್ಟೇ ಹೇಳಿದರು. ಆ ಮಳೆಗಾಲವೆಲ್ಲ ಅವರು ಒಂದೇ ವಿಷಯದ ಮೇಲೆ ಬೋಧಿಸಿದರು. ಕರ್ತನು ಕಡೆಯ ಸಂಜೆ ಶಿಷ್ಯರಿಗೆ ಹೇಳಿಹೋದದ್ದು: ನಾನು ನಿಮ್ಮನ್ನು ಪ್ರೀತಿಸಿದ ಹಾಗೆ ನೀವು ಒಬ್ಬರನ್ನೊಬ್ಬರು ಪ್ರೀತಿಸಿರಿ, ಜೀವ ಕೊಡುವ ಮಟ್ಟಿಗೆ. ಇದು ಬುದ್ಧಿವಾದವಲ್ಲ, ಅಪ್ಪಣೆ, ಎನ್ನುತ್ತಿದ್ದರು.

ಮನೆಗೆ ಬಂದು ನಾನು ಅವ್ವನ ಮೇಲೆ ಹರಿಹಾಯ್ದೆ. "ನಿನಗ ಏನರೆ ಆದ್ರ ನಾ ಯಾರ ಮಾರಿ ನೋಡ್ಲಿ?"

"ಅಪ್ಪಣೆ ಐತಲ್ಲ ತಂಗಿ."

"ಅಪ್ಪಣೆ ಮಾಡಿದ್ರ ಪ್ರೀತಿ ಬರತೈತೇನು? ಸಾಲ್ಯಾಗ ನಾ ಮಕ್ಕಳಿಗಿ ಸುಮ್ಮನ ಕೂಡ್ರಿ ಅಂತ ಅಪ್ಪಣೆ ಮಾಡ್ತೇನಿ, ನನ್ನ ಪ್ರೀತಿ ಮಾಡ್ರಿ ಅಂತ ಮಾಡಾಕ ಬರತೈತೇನು?"

ಅವ್ವ ಒಲೆಗೆ ಪುಳ್ಳೆ ಒಟ್ಟುತ್ತ ಹೇಳಿದಳು, "ಬರೂದಿಲ್ಲ. ಅದಕ್ಕ, ಬರ್ಲಿ ಅಂತ ಕಾಯ್ಕೋತ ಕೂಡಬಾರದು. ಮೊದಲ ಹೋಗಿ ಬಾಜೂಕ ಕೂಡಬೇಕು."

ಜುಲೈ ತಿಂಗಳಲ್ಲೂ ಅದೇ ಆಯಿತು. ರಾಹೇಲವ್ವ, ಅವಳ ಪಕ್ಕದಲ್ಲಿ ಅವ್ವ, ಆಮೇಲೆ ನಡುವೆ ಜಾಗ ಬಿಟ್ಟು ನಾನು. ಉಳಿದ ಹೆಂಗಸರು ಮೊದಲ ಸಾಲಿಗೇ ನುಗ್ಗಿ ಮುಗಿಸಿಬಿಡುತ್ತಿದ್ದರು. ಜಿಟಿಜಿಟಿ ಮಳೆ ನಿಲ್ಲಲೇ ಇಲ್ಲ. ಎರೆಮಣ್ಣು ಚಪ್ಪಲಿಗೆ ಅಂಟಿ ಹೆಜ್ಜೆ ಎತ್ತುವುದೇ ಕಷ್ಟ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಸಾಲೆಯಲ್ಲಿ ಮಗ್ಗಿ ಹೇಳಿಸುತ್ತಲೇ ನನ್ನ ಕಿವಿ ನಮ್ಮ ಮನೆಯ ಕಡೆಗಿರುತ್ತಿತ್ತು. ಅವ್ವ ಒಮ್ಮೆ ಗಂಟಲು ಸರಿಮಾಡಿಕೊಂಡರೂ ನನಗೆ ಅಪ್ಪನ ಕಡೆಯ ವರ್ಷ ಕಣ್ಣಿಗೆ ಕಟ್ಟುತ್ತಿತ್ತು.

ಆಗಸ್ಟಿನ ಭೋಜನಕ್ಕೆ ಎರಡು ದಿನ ಇದ್ದಾಗ ತಡೆಯಲಾರದೆ ರಾಹೇಲವ್ವನ ಖೋಲಿಗೆ ಹೋದೆ. ಸುಮ್ಮನೆ ಹೋದರೆ ಚೆನ್ನಾಗಿರುವುದಿಲ್ಲವೆಂದು ಡಬ್ಬಿಯಲ್ಲಿ ಗಂಜಿ ಒಯ್ದಿದ್ದೆ, ಎಂಥ ಉಪಾಯಗಾತಿ ನೋಡಿ. ಅವಳು ಬಾಗಿಲ ಬೆಳಕಿಗೆ ಕೂತು ಕೌದಿ ಹೊಲಿಯುತ್ತಿದ್ದಳು. ನಾನು ಹೊಸ್ತಿಲು ದಾಟಲಿಲ್ಲ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ, ಎಲ್ಲ ಮರೆತು ಒಂದೇ ಉಸಿರಿಗೆ ಹೇಳಿಬಿಟ್ಟೆ. "ನಮ್ಮವ್ವ ಬಿಟ್ರ ನನಗ ಯಾರೂ ಇಲ್ರಿ. ಅಪ್ಪನೂ ಇದರಾಗ ಹೋದ. ದಯಮಾಡಿ ಆ ಬಟ್ಟಲಕ್ಕ ಬಾಯಿ ಹಚ್ಚಬ್ಯಾಡ್ರಿ."

ಅವಳ ಸೂಜಿ ನಿಂತಿತು. ನಾನು ಬೈಗುಳಕ್ಕೆ ತಯಾರಾಗಿದ್ದೆ. "ಖರೇ ಐತಿ ತಂಗಿ" ಎಂದಳು. "ನನಗ ತಿಳೀಬೇಕಾಗಿತ್ತು. ಹಚ್ಚೂದಿಲ್ಲ. ನಿಮ್ಮವ್ವಗ ಮಾತ್ರ ಹೇಳಬ್ಯಾಡ, ಪಾಪ, ಮನಸ್ಸಿಗಿ ಹಚಗೋತಾಳ."

ಆ ಭಾನುವಾರ ಅವಳು ಬರಲಿಲ್ಲ. ನನಗೆ ಎರಡು ತಿಂಗಳ ಮೇಲೆ ಮೊದಲ ಸಲ ಹೊಟ್ಟೆ ತುಂಬ ಊಟ ಸೇರಿತು. ಆದರೆ ಅವ್ವ ಅಂದು ಊಟ ಬಿಟ್ಟಳು. ಸೆಪ್ಟೆಂಬರಿನ ಮೊದಲ ಭಾನುವಾರ ಬೆಳಿಗ್ಗೆ ದ್ರಾಕ್ಷಿ ಹಿಂಡಿದ ಕೈ ತೊಳೆದುಕೊಂಡವಳೇ ನೇರವಾಗಿ ಆ ಖೋಲಿಗೆ ಹೋದಳು. ಅವ್ವನ ದನಿ ಸಾಲುಮನೆಗಳಿಗೆಲ್ಲ ಕೇಳಿಸಿತು. "ನಾ ನಿನ್ನ ಅಕ್ಕ ಅಂತ ತಿಳಕೊಂಡಿದ್ರ ಏಳು. ನನ್ನ ಮಾತು ಮೀರಬ್ಯಾಡ. ನೀ ಬರದಿದ್ರ ಆ ಬಟ್ಟಲ ನಾನೂ ಮುಟ್ಟೂದಿಲ್ಲ." ಸ್ವಲ್ಪ ಹೊತ್ತಿಗೆ ಇಬ್ಬರೂ ಒಂದೇ ಕೊಡೆಯಲ್ಲಿ ಬಂದರು. ಎಂದಿನ ಜಾಗದಲ್ಲಿ ಮೊಣಕಾಲೂರಿದರು. ಬಟ್ಟಲು ರಾಹೇಲವ್ವನ ಮುಖದವರೆಗೆ ಏರಿದ್ದನ್ನು ಹಿಂದಿನಿಂದ ನೋಡಿದೆ. ಕೊಟ್ಟ ಮಾತನ್ನು ಒಂದೇ ತಿಂಗಳಿಗೆ ಮುರಿದಳಲ್ಲ ಎಂದು ನನಗೆ ಉರಿದುಹೋಯಿತು. ಅಲ್ಲಿಂದ ಮುಂದೆ ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋದೆ. ಅವಳು ಮಾತ್ರ ಮುಂಚಿನ ಹಾಗೆ ನಗುತ್ತಿದ್ದಳು.

ಅದೇ ತಿಂಗಳು ಅವ್ವ ಕೆಮ್ಮತೊಡಗಿದಳು. ಒಣ ಕೆಮ್ಮು, ಸಂಜೆಯ ಹೊತ್ತು ಹೆಚ್ಚು. ಮಳೆಯಲ್ಲಿ ನೆನೆದದ್ದಕ್ಕೆ ಬಂದ ನೆಗಡಿ ಎಂದಳು. ಎರಡು ವಾರವಾದರೂ ಹೋಗಲಿಲ್ಲ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡರೆ ಆ ಸೆರಗನ್ನು ಕದ್ದು ನೋಡುತ್ತಿದ್ದೆ, ಕೆಂಪು ಇದೆಯೇ ಎಂದು. ತಿನ್ನುವ ರೊಟ್ಟಿ ಎಣಿಸುತ್ತಿದ್ದೆ. ಹಣೆ ಮುಟ್ಟಲು ನೆಪ ಹುಡುಕುತ್ತಿದ್ದೆ. ಕಡೆಗೆ ಇನ್ನೊಂದು ಕೆಲಸ ಮಾಡಿದೆ, ಬರೆಯಲು ಈಗಲೂ ಸಂಕೋಚ. ಮನೆಯಲ್ಲಿ ಒಂದೇ ಥರದ ನಾಲ್ಕು ಹಿತ್ತಾಳೆ ಲೋಟಗಳಿದ್ದವು. ಒಂದರ ತಳಕ್ಕೆ ಮೊಳೆಯಿಂದ ಗೀರು ಹಾಕಿ, ಅವ್ವನಿಗೆ ನೀರು ಚಹಾ ಏನೇ ಕೊಟ್ಟರೂ ಅದರಲ್ಲೇ ಕೊಡತೊಡಗಿದೆ.

ಒಂದು ಮಧ್ಯಾಹ್ನ ಅವ್ವ ಹಿತ್ತಲಲ್ಲಿ ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕುವ ಬೆರಳು ಒಂದು ಲೋಟದ ತಳದಲ್ಲಿ ನಿಂತಿತು. ತಿರುಗಿಸಿ ನೋಡಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವ್ವ ಲೋಟ ತೊಳೆದು ಬೋರಲು ಹಾಕಿ, ನನ್ನ ಕಡೆ ನೋಡದೆ ಹೇಳಿದಳು, "ನಿಮ್ಮಪ್ಪನ ಲೋಟಕ್ಕ ನಾನೂ ಹಿಂಗ ಗುರುತು ಮಾಡಿದ್ದೆ. ನೀ ಬೆಳಿಯೂ ಹುಡಿಗಿ, ನಿನಗ ಹತ್ತೀತು ಅಂತ. ಭೋಜನದ ಪಂಕ್ತಿಗೂ ಹೋಗಬ್ಯಾಡ್ರಿ, ಜನಾ ಏನಂದಾರು ಅಂತ ನಾನ ಅಂದೆ. ಅವರು ಒಂದು ಮಾತು ಅನಲಿಲ್ಲ. ಕಡೀ ಒಂದು ವರ್ಷ ಭೋಜನ ಇಲ್ಲದಂಗ ಹ್ವಾದರು."

ಅಪ್ಪ ತಾವಾಗಿಯೇ ಹೋಗುವುದನ್ನು ಬಿಟ್ಟಿದ್ದರೆಂದು ನಾನು ತಿಳಿದಿದ್ದೆ. ಅವ್ವ ನನ್ನನ್ನು ಬೈಯಲೂ ಇಲ್ಲ. ಆ ಸಂಜೆಯಿಂದ ತಾನಾಗಿಯೇ ಕೈಯಿಂದ ತಡವಿ, ಗೀರು ಇದ್ದ ಲೋಟವನ್ನೇ ಹುಡುಕಿ ತೆಗೆದುಕೊಳ್ಳುತ್ತಿದ್ದಳು.

ಅಕ್ಟೋಬರಿನ ಭೋಜನಕ್ಕೆ ಅವ್ವನ ಕೆಮ್ಮು ಇನ್ನೂ ಇತ್ತು. ಅವಳನ್ನು ತಡೆಯುವುದು ನನ್ನಿಂದ ಆಗದ ಮಾತು. ಹಾಗಾದರೆ ಅವಳ ಜಾಗದಲ್ಲಿ ನಾನೇ ಕೂಡುತ್ತೇನೆ ಎಂದು ನಿಶ್ಚಯಿಸಿದೆ. ಇದನ್ನು ಪ್ರೀತಿ ಎಂದು ಹೊಗಳಬೇಡಿ. ಕಾದು ಕಾದು ಹೆದರುವುದಕ್ಕಿಂತ ಒಂದೇ ಸಲ ಹೆದರಿ ಮುಗಿಸೋಣ ಅನ್ನಿಸಿತ್ತು, ಅಷ್ಟೇ. ಅವ್ವ ಮೊಣಕಾಲೂರುವ ಮೊದಲೇ ನುಗ್ಗಿ ಇಬ್ಬರ ನಡುವೆ ಕೂತೆ. ಅವ್ವ ನನ್ನ ತೋಳು ಹಿಡಿದು ಎಳೆದಳು. ನಾನು ಅಲುಗಲಿಲ್ಲ.

ಅಯ್ಯನವರು ರಾಹೇಲವ್ವನ ಕೈಗೆ ಬಟ್ಟಲು ಕೊಟ್ಟರು. ಒಂದು ಗೇಣು ದೂರದಿಂದ ನೋಡಿದೆ. ಬಟ್ಟಲು ಏರಿತು, ಬಾಗಿತು. ಅವಳು ತುಟಿಗಳನ್ನು ಒಳಗೆ ಎಳೆದು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಅಂಚಿಗೂ ಮುಖಕ್ಕೂ ನಡುವೆ ಒಂದು ಬೆರಳು ಹಿಡಿಸುವಷ್ಟು ಸಂದು. ಗಂಟಲು ಅಲುಗಲಿಲ್ಲ. ಬಟ್ಟಲು ಇಳಿಸಿ, ಕುಡಿದವರು ಮಾಡುವ ಹಾಗೆ ಕಣ್ಣು ಮುಚ್ಚಿ ತಲೆ ಬಗ್ಗಿಸಿದಳು. ಮುಪ್ಪಿನ ಕಣ್ಣಿನ ಅಯ್ಯನವರು ಒಣಗಿದ್ದ ಅಂಚನ್ನೇ ಒರೆಸಿ ನನಗೆ ಕೊಟ್ಟರು.

ಆರಾಧನೆ ಮುಗಿದ ಮೇಲೆ ರಾಹೇಲವ್ವನನ್ನು ಗೋಡೆಯ ಮರೆಗೆ ಕರೆದು ಕೇಳಿದೆ. ಅವಳೇ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ನಿಂತಳು. "ಬ್ಯಾಡ ಅಂತ ನೀ ಅಂದಿ. ಬಾ ಅಂತ ನಿಮ್ಮವ್ವ ಅಂದಳು. ಇಬ್ಬರೂ ನನ್ನ ಮ್ಯಾಲಿನ ಹಕ್ಕಿನಿಂದ ಅಂದೀರಿ. ಯಾರ ಮಾತು ಮೀರಲಿ? ಅದಕ್ಕ ಬಂದೆ, ಕುಡೀಲಿಲ್ಲ" ಎಂದಳು. ಆಮೇಲೆ ದನಿ ಇಳಿಸಿ, "ನೀ ಹೇಳೂಕಿಂತ ಮೊದಲ ಎರಡು ಸಲ ಕುಡದೇನವ್ವಾ. ಆಕಿ ಕೆಮ್ಮು ಕೇಳಿದಾಗೊಮ್ಮೆ ನನಗ ಜೀವ ಹೋದಂಗ ಆಗತೈತಿ. ದಿನಾ ಬೇಡಕೋತೇನಿ. ಆಕಿಗಿ ಇದೆಲ್ಲಾ ಹೇಳಬ್ಯಾಡ, ಯಾವತ್ತೂ" ಎಂದಳು.

ನನಗೆ ಮೊದಲು ಆದದ್ದು ಸಮಾಧಾನ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಇನ್ನು ಮುಂದೆ ಅವ್ವನಿಗೆ ಆ ಬಟ್ಟಲಿನ ಅಪಾಯವಿಲ್ಲ ಎಂಬ ಸಮಾಧಾನ. ನಾಚಿಕೆ ಬಂದದ್ದು ಮನೆಯ ಬಾಗಿಲಿಗೆ ಬಂದ ಮೇಲೆ. ನನಗೂ ಅವ್ವನಿಗೂ ಬೇಕಾದದ್ದನ್ನು ಕೊಟ್ಟು, ತಾನು ಆಸೆಪಟ್ಟು ಬಂದದ್ದನ್ನು ಆ ಹೆಂಗಸು ಬಿಟ್ಟುಕೊಟ್ಟಿದ್ದಳು. ಅದೇ ಗಳಿಗೆ ತಿರುಗಿ ಹೋಗಿ, ಮುಂದಿನ ತಿಂಗಳು ಕುಡಿ ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ದೀಪಾವಳಿಯ ಬಿಸಿಲಿಗೆ ಅವ್ವನ ಕೆಮ್ಮು ಕಡಿಮೆಯಾಯಿತು. ಗುಣವಾಗುತ್ತಿರುವುದನ್ನು ಮತ್ತೆ ಕೆದಕುವುದು ಬೇಡವೆಂದು ನವೆಂಬರಿನಲ್ಲೂ ಸುಮ್ಮನಿದ್ದೆ. ಅವಳು ಮತ್ತೆ ಬಂದಳು, ಬಟ್ಟಲು ಎತ್ತಿದಳು, ಇಳಿಸಿದಳು. ಈ ಸಲ ನನಗೆ ನೋಡಲು ಆಗಲಿಲ್ಲ.

ಡಿಸೆಂಬರಿನಲ್ಲಿ ರಾಹೇಲವ್ವ ಹಾಸಿಗೆ ಹಿಡಿದಳು. ಕ್ರಿಸ್ಮಸ್ಸಿಗೆ ಕಂಪೌಂಡಿನಲ್ಲಿ ಸುಣ್ಣ ಹಚ್ಚುತ್ತಿದ್ದ ದಿನಗಳು. ಒಂದು ಮಧ್ಯಾಹ್ನ ಅಯ್ಯನವರು ಬಟ್ಟಲನ್ನು ಅವಳ ಖೋಲಿಗೇ ಒಯ್ದರು. ರಸದ ಪಾತ್ರೆ ಹಿಡಿದು ಅವ್ವ ಮತ್ತು ನಾನು ಹೋದೆವು. ಅಂದು ನಾನು ಹೊಸ್ತಿಲು ದಾಟಿದೆ. ಗೋಡೆಯ ಆಚೆ ಮಗ್ಗಗಳ ಸಪ್ಪಳ. ಅವ್ವ ಅವಳ ತಲೆಯನ್ನು ಎತ್ತಿ ತನ್ನ ತೋಳಿಗೆ ಆನಿಸಿಕೊಂಡಳು. ಅಯ್ಯನವರು ಪ್ರಾರ್ಥನೆ ಮಾಡಿ ಬಟ್ಟಲನ್ನು ಅವಳ ತುಟಿಗೆ ಹಿಡಿದರು.

ಅವಳು ಬಾಯಿ ತೆರೆಯಲಿಲ್ಲ. ಶಕ್ತಿ ಇಲ್ಲವೆಂದು ಅಯ್ಯನವರು ಇನ್ನಷ್ಟು ಬಾಗಿಸಿದರು. "ಕುಡಿ, ಒಂದ ಗುಟುಕು" ಎಂದಳು ಅವ್ವ. ಅದಕ್ಕೂ ತೆರೆಯಲಿಲ್ಲ. ಅವಳ ಕಣ್ಣು ಅಯ್ಯನವರ ಮೇಲಿರಲಿಲ್ಲ, ಅವ್ವನ ಮೇಲೂ ಇರಲಿಲ್ಲ. ಹಾಸಿಗೆಯ ಕಾಲುಗಡೆ ನಿಂತಿದ್ದ ನನ್ನನ್ನು ನೋಡುತ್ತಿದ್ದಳು. ಸಾಯುವ ಹೊತ್ತಿನಲ್ಲಿ ಆ ಹೆಂಗಸು ನನ್ನ ಅಪ್ಪಣೆಗಾಗಿ ಕಾಯುತ್ತಿದ್ದಳು.

"ಕುಡಿ ಅವ್ವಾ," ಎಂದೆ. ಅವಳು ನೋಡುತ್ತಲೇ ಇದ್ದಳು. ಮತ್ತೊಮ್ಮೆ ಹೇಳಿದೆ. "ಕುಡಿ. ನಿನ್ನ ಹಿಂದ ನಾ ಕುಡೀತೇನಿ."

ತುಟಿ ತೆರೆಯಿತು. ಗಂಟಲು ಅಲುಗಿದ್ದನ್ನು ಕಣ್ಣಾರೆ ನೋಡಿದೆ. ಅಯ್ಯನವರು ಬಿಳಿ ಬಟ್ಟೆ ಹುಡುಕುತ್ತಿದ್ದಾಗ ನಾನು ಕೈ ಚಾಚಿ ಬಟ್ಟಲು ತೆಗೆದುಕೊಂಡು ಹಾಗೆಯೇ ಕುಡಿದೆ. ಅದು ಧೈರ್ಯವಲ್ಲ. ಒರೆಸುವಷ್ಟು ಹೊತ್ತು ಕೊಟ್ಟಿದ್ದರೆ ನಾನು ಓಡಿಹೋಗುತ್ತಿದ್ದೆ. ಆಮೇಲೆ ಅವ್ವ, ಕಡೆಗೆ ಅಯ್ಯನವರು.

ಮೂರನೇ ದಿನ ಅವಳು ಹೋದಳು. ಆ ಚಳಿಗಾಲವೆಲ್ಲ ನನ್ನ ಕೆಮ್ಮಿಗೆ ನಾನೇ ಬೆಚ್ಚುತ್ತಿದ್ದೆ. ನನಗೂ ಏನೂ ಆಗಲಿಲ್ಲ, ಅವ್ವನಿಗೂ ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದನ್ನು ಡಾಕ್ಟರರು ಹೇಳಬೇಕು, ನನಗೆ ತಿಳಿಯದು.

ಅಂದು ಖೋಲಿಯಿಂದ ಮನೆಗೆ ಬರುವಾಗ ಅವ್ವ ಕೇಳಿದ್ದಳು, "ನಾ ಹೇಳಿದ್ರ ಕುಡೀಲಿಲ್ಲ. ನಿನ್ನ ಮಾರಿ ಯಾಕ ನೋಡಿದಳು ಆಕಿ?" ಗೊತ್ತಿಲ್ಲ ಎಂದೆ. ಅವ್ವ ಇನ್ನೂ ಇಪ್ಪತ್ತು ವರ್ಷ ಬದುಕಿದಳು, ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದಳು, ಸಾಯುವ ವರ್ಷವೂ ಕೇಳಿದಳು. ಹೇಳಿಬಿಡಬೇಕೆಂದು ಬಾಯಿಯವರೆಗೆ ಬರುತ್ತಿತ್ತು. ಪ್ರತಿ ಸಲವೂ ಗೊತ್ತಿಲ್ಲ ಎಂದೆ. ಯಾವತ್ತೂ ಹೇಳಬೇಡ ಎಂದು ರಾಹೇಲವ್ವ ಹೇಳಿದ್ದಳು. ಅವಳು ನನ್ನ ಮಾತು ಮೀರಿರಲಿಲ್ಲ.